ಶರಾವತಿಯನ್ನು ಕುಡಿದ ಮಧ್ಯಾಹ್ನ

ಶರಾವತಿ ಹೊಳೆಯನ್ನು ನಾನು ಒಂದು ಸಲ ಪೂರ್ತಿ ಕುಡಿದಿದ್ದೇನೆ. ಒಂದೇ ಗುಟುಕು, ನಡುವೆ ಉಸಿರು ಕೂಡ ಬಿಡಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಹೊನ್ನಾವರದ ಸೇತುವೆಯ ಕೆಳಗೆ ಮೊಣಕಾಲೂರಿ ಬಾಯಿ ಇಟ್ಟೆ, ಅಷ್ಟೇ. ದೋಣಿಗಳೆಲ್ಲ ಕೆಸರಿನ ಮೇಲೆ ಹೊಟ್ಟೆಯೂರಿ ಮಲಗಿದವು. ಏಡಿಗಳು ದಾರಿ ತಪ್ಪಿದ ಯಾತ್ರಿಕರ ಹಾಗೆ ಅತ್ತಿತ್ತ ಓಡಾಡಿದವು. ನೀರಿಲ್ಲದ ಹೊಳೆಯ ಮೇಲೆ ತಾನೇಕೆ ನಿಂತಿದ್ದೇನೆಂದು ತಿಳಿಯದೆ ರೈಲು ಸೇತುವೆ ನಾಚಿಕೊಂಡಿತು. ಕಾಸರಕೋಡಿನ ಮೀನುಗಾರರು ಆಚೆ ದಡದಿಂದ ಈಚೆಗೆ ನಡೆದೇ ಬಂದು, "ಮಹಾಬಲಣ್ಣಾ, ಹೊಳೆ ವಾಪಸ್ ಕೊಡು ಮಾರಾಯಾ" ಎಂದು ಕೈಮುಗಿದರು. ಪಾಪ ಅನ್ನಿಸಿತು. ಬಿಟ್ಟುಕೊಟ್ಟೆ. ಇವತ್ತು ನೀವು ನೋಡುವ ಶರಾವತಿ ನಾನು ದೊಡ್ಡ ಮನಸ್ಸು ಮಾಡಿ ವಾಪಸು ಕೊಟ್ಟದ್ದು.

ನಂಬದವರು ಭಟ್ಕಳದಿಂದ ಕುಮಟಾದವರೆಗೆ ಯಾರನ್ನು ಬೇಕಾದರೂ ಕೇಳಿ. ಆ ದಾರಿಯಲ್ಲಿ ಟೆಂಪೋ ಓಡಿಸುವ ಮಹಾಬಲ ನಾಯ್ಕನನ್ನು ಅರಿಯದ ಮೈಲಿಗಲ್ಲು ಇಲ್ಲ. ನಾನು ಭಟ್ಕಳದಲ್ಲಿ ಹಾರ್ನ್ ಒತ್ತಿದರೆ ಕುಮಟಾದಲ್ಲಿ ಜನ ಚೀಲ ಹೆಗಲಿಗೇರಿಸುತ್ತಾರೆ. ಕೆಲವು ತಿಂಗಳು ಬಹರೇನಿನಲ್ಲಿ ಗಾಡಿ ಓಡಿಸಿ ಬಂದವನು ನಾನು; ಹೊರಟು ನಿಂತಾಗ ಅಲ್ಲಿಯ ಒಂಟೆಗಳು ಮೇವು ಮುಟ್ಟಲಿಲ್ಲ. ಅಲ್ಲಿ ಕಲಿತ ಇಂಗ್ಲಿಷು ಎಂಥದ್ದೆಂದರೆ, ಇಂಗ್ಲೆಂಡಿನವರೇ ಬಂದು ನನ್ನ ಹತ್ತಿರ ಸಂಶಯ ಪರಿಹಾರ ಮಾಡಿಕೊಳ್ಳಬೇಕು.

ಇರಲಿ. ನಾನು ಹೇಳಹೊರಟದ್ದು ಬಾಯಾರಿಕೆಯ ಸಂಗತಿ. ಹೊಳೆ ಕುಡಿದವನಿಗಲ್ಲದೆ ಆ ಬಗ್ಗೆ ಮಾತಾಡುವ ಅಧಿಕಾರ ಬೇರೆ ಯಾರಿಗಿದೆ?

ಹೊನ್ನಾವರದಿಂದ ಕಾಯ್ಕಿಣಿಯ ಕಡೆಗೆ ಬರುವಾಗ ಹೆದ್ದಾರಿಯಿಂದ ತುಸು ಒಳಗೆ ನಡುಹಿತ್ತಲು ಎಂಬ ನಮ್ಮ ಕೇರಿ. ಬೆಳಿಗ್ಗೆ ಕಡಲ ಕಡೆಯಿಂದ ತೆಳ್ಳನೆಯ ಮಂಜು ಎದ್ದು ಬಂದು ತೆಂಗಿನ ಬುಡಗಳನ್ನು ಅಳಿಸಿಬಿಡುತ್ತದೆ. ಮರದ ತಲೆಗಳು ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತವೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಹೆಂಡತಿ ಮಂಗಲಾ ಗಂಜಿ ಬಡಿಸುತ್ತಿದ್ದಳು. ಮಗಳು ಸುಪ್ರಿಯಾ ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡು ಬಂದು ಕೂರುತ್ತಿದ್ದಳು. ಅವಳಾಗ ಏಳನೇ ತರಗತಿ. ಜಗಲಿಯಲ್ಲಿ ಎಲೆಯಡಿಕೆಯ ಕವಳ ಕುಟ್ಟುತ್ತ ಕೂತ ನನ್ನ ತಾಯಿ ಬಂಗಾರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂಗಳದಲ್ಲಿ ನಿಂತ ಎತ್ತು ಕಾಣಿಸುತ್ತಿರಲಿಲ್ಲ. ಆದರೆ ಮೊಮ್ಮಗಳ ಕೈ ನೀರಿನ ಲೋಟದ ಕಡೆ ಹೋದರೆ ಗೋಡೆಯಾಚೆಯಿಂದಲೇ ಕಾಣಿಸುತ್ತಿತ್ತು.

"ಏ ಹುಡ್ಗಿ, ಲೋಟ ಕೆಳಗಿಡು."

"ಒಂದೇ ಗುಟುಕು, ಅಜ್ಜಿ."

"ಒಳಗೆ ಹೋಗೂದು ಒಂದೇ ಗುಟುಕು. ಆಮೇಲೆ ಶಾಲೆಯಲ್ಲಿ ಎಲ್ಲಿ ಹೋಗಿ ಕೂತ್ಕಳ್ತೆ? ಮಾಸ್ತರ್ರ ಮೇಜಿನ ಅಡಿಗೋ?"

"ಗಂಜಿ ಉಪ್ಪಾಗಿತ್ತು."

"ಉಪ್ಪಾದ್ರೆ ತಡ್ಕಳ್ಳೂಕೆ ಕಲಿ. ನಾ ನಿನ್ನಷ್ಟಿದ್ದಾಗ ದಿನಪೂರ್ತಿ ಗದ್ದೆಯಲ್ಲಿ ನಾಟಿ ನೆಟ್ಟು, ಬಾಯಿಗೆ ಹನಿ ನೀರು ಹಾಕ್ದೆ ಮನೆಗೆ ಬಂದವಳು. ಹೆಣ್ಣು ಹೇಳಿ ಅನ್ನಿಸ್ಕಳ್ಳೂಕೆ ಇದೊಂದು ಬೇಕು."

ಇದಕ್ಕೆ ನಮ್ಮ ಕೇರಿಯಲ್ಲಿ ಬಾಯಿ ಕಟ್ಟುವುದು ಎನ್ನುತ್ತಿದ್ದರು. ಹುಡುಗಿ ದೊಡ್ಡ ಕ್ಲಾಸಿಗೆ ಬಂದಳೆಂದರೆ ಬೆಳಗಿನ ಗಂಜಿಯಿಂದ ಸಂಜೆ ಮನೆ ಸೇರುವವರೆಗೆ ನೀರು ಮುಟ್ಟಬಾರದು. ಶಾಲೆಯ ಮಡಕೆ ತುಂಬ ನೀರಿರುತ್ತಿತ್ತು, ಅದು ಹುಡುಗರದು. ಕುಡಿದವಳನ್ನು ಉಳಿದ ಹುಡುಗಿಯರೇ ಓರೆಗಣ್ಣಿಂದ ನೋಡುತ್ತಿದ್ದರು. ಯಾರ ಮಗಳು ಹೆಚ್ಚು ಹೊತ್ತು ತಡೆದಳೆಂದು ಬಾವಿಕಟ್ಟೆಯಲ್ಲಿ ಹೆಂಗಸರು ಹೊಗಳಿಕೊಳ್ಳುತ್ತಿದ್ದರು. ನಾನೂ ಕಡಿಮೆ ಇರಲಿಲ್ಲ. "ನನ್ನ ಮಗಳ ಎದುರು ಬಹರೇನಿನ ಒಂಟೆ ನಿಂತರೆ ನಾಚಿ ತಲೆ ತಗ್ಗಿಸಬೇಕು" ಎಂದು ಟೆಂಪೋ ತುಂಬ ಹೇಳಿಕೊಂಡು ತಿರುಗುತ್ತಿದ್ದೆ.

ಮೊದಲಾದರೆ ಶಾಲೆಯ ಹಿಂದೆ ಗೇರುಹಕ್ಕಲು ಇತ್ತು. ತೀರಾ ಕಷ್ಟವಾದರೆ ಇಬ್ಬರು ಮೂವರು ಹುಡುಗಿಯರು ಜೊತೆಯಾಗಿ ಹೋಗಿ ಬರುತ್ತಿದ್ದರು. ಕೊಂಕಣ ರೈಲು ಬಂತು, ಗೇರುಮರಗಳು ಹೋದವು. ಉಳಿದದ್ದು ಬೋಳು ದಿಬ್ಬ, ಅದರ ಮೇಲೆ ಹೊಳೆಯುವ ಹಳಿ. ಒಂದು ದಿನ ಇಬ್ಬರು ಹುಡುಗಿಯರು ದಿಬ್ಬದ ಮರೆಗೆ ಹೋದಾಗ ಗಾಡಿ ಬಂದು, ಸಿಗ್ನಲ್ ಸಿಗದೆ ಅಲ್ಲೇ ನಿಂತುಬಿಟ್ಟಿತು. ಮುಂಬಯಿಯ ಜನ ಕಿಟಕಿಯಿಂದ ಕೈಬೀಸಿದರು. ಆ ಹುಡುಗಿಯರು ಮತ್ತೆ ಶಾಲೆಗೆ ಬರಲಿಲ್ಲ. ಆಮೇಲೆ ನಡುಹಿತ್ತಲಿನಲ್ಲಿ ಬಾಯಿ ಕಟ್ಟುವುದು ಇನ್ನಷ್ಟು ಬಿಗಿಯಾಯಿತು.

ಆಗಲೇ ನಮ್ಮೂರಿಗೆ ಜಪಾನ್ ಬಂದದ್ದು.

ಜಪಾನಿನಲ್ಲಿ ನಮ್ಮ ಹಾಗೆಯೇ ಕಡಲ ದಂಡೆಯ ಒಂದು ಊರು, ಅಲ್ಲೊಂದು ಶಾಲೆ. ಎರಡು ದೇಶಗಳ ಶಾಲೆಗಳು ಕೈಜೋಡಿಸಿ ಮಕ್ಕಳ ಆರೋಗ್ಯ ಸುಧಾರಿಸಬೇಕೆಂದು ಒಂದು ಯೋಜನೆ. ಅದರ ಪರವಾಗಿ ಮಿಚಿಕೊ ಎಂಬ ನರ್ಸ್ ಬಂದರು. ಅವರ ದೇಶದಲ್ಲಿ ಶಾಲೆಗೊಬ್ಬ ನರ್ಸ್ ಇರುತ್ತಾರಂತೆ. ಮಕ್ಕಳು ಅಳುತ್ತ ಬಂದು ಕೂರಲಿಕ್ಕೆಂದೇ ಒಂದು ಕೋಣೆ ಇರುತ್ತದಂತೆ. ಸಣ್ಣ ಆಳು, ಬಿಳಿ ಟೊಪ್ಪಿ, ಮಾತಿಗೊಂದು ಸಲ ಬಾಗುವ ಸೊಂಟ. ನಮ್ಮ ಹೆಂಗಸರು ಅವರನ್ನು ಮಿಚಿಕೋ ಅಕ್ಕೋರು ಎಂದೇ ಕರೆದರು. ಅವರನ್ನು ಶಾಲೆಯಿಂದ ಶಾಲೆಗೆ ಕರೆದೊಯ್ಯಲು ಗೊತ್ತಾದದ್ದು ನನ್ನ ಟೆಂಪೋ. ಡ್ರೈವರ್ ನಾನೇ, ದುಭಾಷಿಯೂ ನಾನೇ.

ಅಕ್ಕೋರು ಮಕ್ಕಳ ತೂಕ ನೋಡಿದರು, ಹಲ್ಲು ನೋಡಿದರು, ಜಂತುಹುಳದ ಮಾತ್ರೆ ನುಂಗಿಸಿದರು. ಕೊನೆಗೆ ಮೆತ್ತಗೆ, "ಮಕ್ಕಳು ಆಗಾಗ ನೀರು ಕುಡಿಯಬೇಕು" ಎಂದರು.

ಇಷ್ಟು ಚಿಕ್ಕ ಮಾತನ್ನು ಅಷ್ಟು ದೂರದಿಂದ ಬಂದವರ ಬಾಯಲ್ಲಿ ಕೇಳಿಸಿದರೆ ಊರಿಗೆ ಮರ್ಯಾದೆಯೇ? ನಾನು ಅನುವಾದ ಮಾಡಿದೆ: "ಜಪಾನಿನಲ್ಲಿ ಒಂದೊಂದು ಹುಡುಗಿ ಮಧ್ಯಾಹ್ನದೊಳಗೆ ಒಂದೊಂದು ಬಾವಿ ಖಾಲಿ ಮಾಡ್ತಾಳಂತೆ."

ನನ್ನ ತಾಯಿ ಗುಂಪಿನಿಂದ ಕೂಗಿದಳು. "ಮತ್ತೆ ಅವ್ರೆಲ್ಲ ಎಲ್ಲಿ ಹೋಗ್ತ್ರು ಕೇಳು!"

ಕೇಳಿದೆ. ಅದರಿಂದಲೇ ಪಾಯಖಾನೆಯ ಮಾತು ಹುಟ್ಟಿತು. ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆಯ ಮಗ್ಗುಲಲ್ಲಿ ಕಟ್ಟಡ ಎದ್ದಿತು. ಕೆಂಪು ಹಂಚು, ನೀಲಿ ಬಾಗಿಲು, ಒಳಗೆ ನಲ್ಲಿ. ಜಪಾನಿನ ಆ ಶಾಲೆಯ ಮಕ್ಕಳು ಬರೆದು ಕಳಿಸಿದ ತಿಮಿಂಗಿಲದ ಚಿತ್ರವನ್ನು ನೋಡಿಕೊಂಡು ಹೊನ್ನಾವರದ ಬೋರ್ಡು ಬರೆಯುವವನು ಗೋಡೆಯ ಮೇಲೆ ಅದನ್ನೇ ಬರೆದ. ತಿಮಿಂಗಿಲವನ್ನು ಅವನು ಹುಟ್ಟಿನಿಂದ ಕಂಡಿರಲಿಲ್ಲ; ಅದು ಕೊಂಬು ಕಳೆದುಕೊಂಡು ಕಡಲಿಗಿಳಿದ ಎಮ್ಮೆಯಂತಿತ್ತು. ಆದರೂ ಸಂಜೆಯ ಬಿಸಿಲು ಗೋಡೆಗೆ ಬಿದ್ದಾಗ ಅದು ನಿಜವಾಗಿಯೂ ಈಜುತ್ತಿತ್ತು. ಅಂಥ ಪಾಯಖಾನೆ ಜಪಾನಿನ ಅರಮನೆಯಲ್ಲೂ ಇಲ್ಲವೆಂದು ನಾನು ಮೂರೂ ತಾಲೂಕಿಗೆ ಸಾರಿದೆ.

ಕಾಯಿ ಒಡೆದು ಉದ್ಘಾಟನೆಯಾಯಿತು. ಅಕ್ಕೋರು ಬಾಗಿ ಬಾಗಿ ವಂದಿಸಿ, ಪರೀಕ್ಷೆಗೆ ಮುಂಚೆ ಮತ್ತೆ ಬರುತ್ತೇನೆಂದು ಹೊರಟರು. ಅವರ ಗಾಡಿಯ ಧೂಳು ಅಡಗುವ ಮೊದಲೇ ಹೆಡ್‌ಮಾಸ್ತರು ನಿತ್ಯಾನಂದರು ಬಾಗಿಲಿಗೆ ಬೀಗ ಹಾಕಿದರು.

ಅವರು ಕೆಟ್ಟವರಲ್ಲ. ಮಕ್ಕಳ ಮೇಲೆ ಕೈ ಎತ್ತಿದವರಲ್ಲ. "ಹುಡುಗರ ಕೈಗೆ ಬಿಟ್ರೆ ಎರಡು ದಿನದಲ್ಲಿ ಹಾಳಾಗ್ತದೆ ಮಹಾಬಲ. ಅಕ್ಕೋರು ಬಂದಾಗ ಕನ್ನಡಿ ಹಾಗೆ ಇರ್ಬೇಕು" ಎಂದರು.

"ಮತ್ತೆ ಉಪಯೋಗಿಸೋರು?"

"ಉಪಯೋಗಿಸಿದ್ರೆ ತೊಳೀಬೇಕಲ್ಲ. ತೊಳಿಯೂದು ಯಾರು? ಜವಾನ ಒಲ್ಲೆ ಅಂದ. ಮಕ್ಕಳಿಗೆ ಹೇಳಿದ್ರೆ, ನಮ್ಮ ಜಾತಿ ಎಂತದು, ಕೆಲಸ ಎಂತದು ಹೇಳಿ ನಿಮ್ಮಂಥವ್ರೇ ಬಡಿಗೆ ತಕಂಡು ಬರ್ತ್ರಿ."

ನಿಜವಾದ ಬೀಗ ಅದು. ಕಬ್ಬಿಣದ್ದು ಹೆಸರಿಗೆ ಮಾತ್ರ. ವಾರಕ್ಕೊಮ್ಮೆ ಮಾಸ್ತರು ತಾವೇ ಬಾಗಿಲಿನ ಹೊರಮೈ ಒರೆಸಿ, ತಿಮಿಂಗಿಲದ ಮೇಲಿನ ಜೇಡರಬಲೆ ತೆಗೆದು, ಬೀಗ ಜಗ್ಗಿ ನೋಡಿ ಹೋಗುತ್ತಿದ್ದರು. ಕೇರಿಯ ಜನ ನೆಂಟರು ಬಂದರೆ ಕರೆದುಕೊಂಡು ಹೋಗಿ ಹೊರಗಿನಿಂದ ತೋರಿಸುತ್ತಿದ್ದರು.

ಕೊಡೆ ಮಡಚಿದ ಮೇಲೆ ಚಳಿ ಬಂತು, ಚಳಿಯ ಬೆನ್ನಿಗೆ ಸೆಕೆ. ಊಟವಾದ ಮೇಲಿನ ಪೀರಿಯಡ್ಡಿನಲ್ಲಿ ಸುಪ್ರಿಯಾಳ ಕಣ್ಣು ಗೋಡೆಯ ನಕಾಶೆಗೆ ಅಂಟಿಕೊಳ್ಳುತ್ತಿತ್ತಂತೆ. ನಕಾಶೆಯಲ್ಲಿ ದೇಶದ ಸುತ್ತ ನೀಲಿ ಇತ್ತು. ಮಾಸ್ತರು ಭೂಗೋಳ ಹೇಳುತ್ತಿದ್ದರೆ ಇವಳು ಕಣ್ಣಿನಿಂದಲೇ ಮೊದಲು ಅರಬ್ಬೀ ಸಮುದ್ರ ಹೀರುವಳು; ಅದು ಮುಗಿದರೆ ಕೆಳಗಿನ ಹಿಂದೂ ಮಹಾಸಾಗರ, ಅಲ್ಲಿಂದ ಬಂಗಾಳಕೊಲ್ಲಿ. ನೀಲಿ ತೆಳುವಾಗುತ್ತ ಹೋಗಿ ಕಾಗದ ಬೆಳ್ಳಗಾಗುತ್ತಿತ್ತು. ಮಾಸ್ತರ ದನಿ ಎಲ್ಲೋ ಬಾವಿಯ ತಳದಿಂದ ಬರುತ್ತಿತ್ತು. ನಾಲಿಗೆ ಒಣಗಿ ಹಲ್ಲಿಗೆ ತಗಲಿದಾಗ ಎಚ್ಚರ. ಬೆಂಚಿನ ಮೇಲೆ ಒತ್ತಾಗಿ ಕೂತ ಹುಡುಗಿಯರೆಲ್ಲ ಹಾಗೆಯೇ ಕಣ್ಣು ತೆರೆದೇ ನಿದ್ದೆ ಹೋದವರಂತೆ, ಒಂದೇ ಕನಸಿನಲ್ಲಿ ತೇಲುತ್ತಿದ್ದರಂತೆ.

ಮೊದಲು ಮೂತ್ರಕ್ಕೆ ಹೋಗುವಾಗ ಉರಿ ಬಂತು. ಸುಪ್ರಿಯಾ ಯಾರಿಗೂ ಹೇಳಲಿಲ್ಲ. ಕಿಬ್ಬೊಟ್ಟೆ ಹಿಡಿದುಕೊಂಡು ನಡೆಯುವುದನ್ನು ಮಂಗಲಾ ನೋಡಿದಳು. ಅಜ್ಜಿ, "ಉಷ್ಣ ಆಗಿದೆ. ಜೀರಿಗೆ ಕಷಾಯ ಕೊಡು, ಆತು" ಎಂದಳು. ಕಷಾಯವನ್ನೂ ಸಂಜೆ ಮಾತ್ರ ಕೊಡಬೇಕೆಂದಳು. ಬೆನ್ನು ನೋವು ಶುರುವಾಯಿತು. ಮಂಗಲಾ ನನಗೆ ಹೇಳಿದಾಗ ನಾನು, "ನನ್ನ ಮಗಳಿಗೆ ಕಾಯಿಲೆ ಬಂದರೆ ಕಾಯಿಲೆಗೇ ಕಷ್ಟ" ಎಂದು ನಗಾಡಿ ಗಾಡಿ ಹತ್ತಿದೆ. ಮಾರನೆಯ ದಿನ ಅವಳು ಪ್ರಾರ್ಥನೆಯ ಸಾಲಿನಲ್ಲೇ ನಡುಗುತ್ತ ಕುಸಿದಳು.

ಹೊನ್ನಾವರದ ಆಸ್ಪತ್ರೆಯ ಡಾಕ್ಟರಮ್ಮ ಮಗಳ ಬೆನ್ನಿನ ಮೇಲೆ ಬೆರಳಿಟ್ಟಾಗ ಅವಳು ಚೀರಿದ್ದು ಹೊರಗಿನ ರಸ್ತೆಗೆ ಕೇಳಿತು.

"ದಿನಕ್ಕೆ ಎಷ್ಟು ನೀರು ಕುಡೀತಾಳೆ?" ಡಾಕ್ಟರು ಕೇಳಿದರು.

ಉತ್ತರ ಕೊಟ್ಟವಳು ಅಜ್ಜಿ. ಅವಳ ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು. "ನಮ್ಮ ಹುಡ್ಗಿ ಕುಡಿಯೂದೇ ಇಲ್ಲ ಬಾಯರೇ. ಭಾರೀ ಗಟ್ಟಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಅಜ್ಜಿ, ನಿಮ್ಮ ಮನೆ ಬಾವಿ ಯಾರೂ ಸೇದದೆ ಹಾಗೇ ಬಿಟ್ರೆ ನೀರು ಹ್ಯಾಗಾಗ್ತದೆ?"

"ಪಾಚಿ ಕಟ್ತದೆ. ನಾರ್ತದೆ."

"ಮೈಯೊಳಗೂ ಹಾಗೇ. ನೀರು ಹೋಗದೆ, ಬಂದದ್ದನ್ನ ತಡೆದು ತಡೆದು, ಒಳಗೆ ಕೀವಾಗಿದೆ. ಅದು ಮೇಲೆ ಹತ್ತಿ ಮೂತ್ರಪಿಂಡಕ್ಕೆ ಹೋಗಿದೆ. ಇನ್ನೂ ತಡ ಮಾಡಿದ್ದರೆ ಹುಡುಗಿಯ ಜೀವ ಕೇಳ್ತಿತ್ತು. ಈಗಲೂ ಒಂದು ಕಡೆಯದು ಪೂರ್ತಿ ಸರಿಯಾಗ್ತದೆ ಅಂತ ಹೇಳಲಾರೆ. ಮತ್ತೆ ಬಾಯಿ ಕಟ್ಟಿದರೆ ಇನ್ನೊಂದೂ ಹೋಗ್ತದೆ."

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ, ಅಂಗಡಿಯಲ್ಲಿ ಏನೋ ವಿಚಾರಿಸುವವಳ ಹಾಗೆ, ಮೆಲ್ಲಗೆ ಕೇಳಿದಳು:

"ಹೋಗುವಾಗ ಉರಿ ಇರೂದು... ಅದು ಎಲ್ಲಾ ಹೆಂಗಸ್ರಿಗೂ ಇರೂದೇ ಅಲ್ಲನ?"

"ಇಲ್ಲ ಅಜ್ಜಿ," ಎಂದರು ಡಾಕ್ಟರು. "ಯಾರಿಗೂ ಇರಬಾರದು."

ನನ್ನ ತಾಯಿ ಕಿಟಕಿಯ ಕಡೆ ತಿರುಗಿದಳು. ಪೊರೆ ಬಂದ ಕಣ್ಣಿಗೆ ಅಲ್ಲಿ ಏನು ಕಂಡಿತೋ ಗೊತ್ತಿಲ್ಲ. ಹೊರಗೆ ಬಿಸಿಲು ಮಾತ್ರ ಇತ್ತು.

ನಾನು ಶರಾವತಿಗೆ ಇಳಿದದ್ದು ಆ ಮಧ್ಯಾಹ್ನವೇ. ಮಗಳ ತುಟಿ ಒಡೆದು ಸಿಪ್ಪೆ ಎದ್ದದ್ದು ನೋಡಿ ನಿಲ್ಲಲಾಗದೆ, ಆಸ್ಪತ್ರೆಯಿಂದ ಒಂದೇ ನೆಗೆತಕ್ಕೆ ಹೊಳೆಯ ದಡಕ್ಕೆ ಬಂದೆ. ಉಳಿದದ್ದನ್ನು ಆಗಲೇ ಹೇಳಿದೆನಲ್ಲ.

ಇನ್ನು ಬೀಗದ ವಿಷಯ. ಮಿಚಿಕೋ ಅಕ್ಕೋರು ಎರಡನೇ ಸಲ ಬಂದ ದಿನ ನಾನು ಶಾಲೆಯ ಅಂಗಳದಲ್ಲಿ ಜಪಾನೀ ಭಾಷೆಯಲ್ಲೇ ಒಂದು ಭಾಷಣ ಮಾಡಿದೆ. ಅಕ್ಕೋರು ವ್ಯಾಕರಣ ತಿದ್ದಲು ಜಾಗ ಸಿಗದೆ ಅತ್ತರು. ಆಮೇಲೆ ಓಡಿ ಬಂದು ಆ ನೀಲಿ ಬಾಗಿಲಿಗೆ ಒಂದು ಒದೆ. ಬೀಗ ಹಾರಿದ್ದು ತಿಳಿಯಲಿಲ್ಲ, ಶಿಳ್ಳೆ ಮಾತ್ರ ಕೇಳಿತು. ಗೋವಾದ ಕಡಲಿನಲ್ಲಿ ಒಬ್ಬ ಬೆಸ್ತನ ಬಲೆಗೆ ಬಿತ್ತಂತೆ...

ಕಳೆದ ವಾರ ಹೊನ್ನಾವರದ ಸ್ಟ್ಯಾಂಡಿನಿಂದ ಹೊರಟು, ಕುಮಟಾ ದಾರಿಯಲ್ಲಿ, ಟೆಂಪೋ ತುಂಬಿದ ಪ್ರಯಾಣಿಕರಿಗೆ ಇದೇ ಕಥೆ ಹೇಳುತ್ತಿದ್ದೆ. ಬೀಗ ಗೋವಾ ತಲುಪಿತ್ತು. ಹಿಂದಿನ ಸೀಟಿನಿಂದ ಒಂದು ದನಿ ಬಂತು.

"ಯಾವ ಕಾಲಲ್ಲಿ ಒದ್ದದ್ದು, ಡ್ರೈವರೇ?"

"ಬಲಗಾಲಲ್ಲಿ," ಎಂದೆ ನಾನು, ತಿರುಗದೆ.

"ಆ ದಿನ ಬಲಗಾಲಿಗೆ ಮುಳ್ಳು ಹೊಕ್ಕಿ ಕುಂಟ್ತಾ ಇದ್ದದ್ದು ಯಾರು ಹಾಗಾದ್ರೆ?"

ಕನ್ನಡಿಯಲ್ಲಿ ನೋಡಿದೆ. ಬಿಳಿ ಸಮವಸ್ತ್ರ, ಮಡಿಲಲ್ಲಿ ನೀರಿನ ಬಾಟ್ಲಿ. ಕುಮಟಾದಲ್ಲಿ ನರ್ಸಿಂಗ್ ಕಲಿಯುತ್ತಿರುವ ನನ್ನ ಮಗಳು ಸುಪ್ರಿಯಾ. ಯಾವಾಗ ಹತ್ತಿದಳೋ.

"ನಿಜ ಹೇಳೂ ಅಪ್ಪಾ."

ಮೀನುಬುಟ್ಟಿ ಕಾಲಡಿ ಇಟ್ಟುಕೊಂಡ ಹೆಂಗಸೊಬ್ಬಳು ಕವಳ ಉಗಿದು, "ಹೇಳು ಹೇಳು, ಕುಮಟಾ ಇನ್ನೂ ದೂರ ಅದೆ. ಸುಳ್ಳು ಇಷ್ಟು ಚಂದ ಇದ್ರೆ ನಿಜ ಹ್ಯಾಂಗಿರ್ಬಹುದು!" ಎಂದಳು. ಗಾಡಿ ತುಂಬ ನಗು.

ಸರಿ. ಸಿಕ್ಕಿಬಿದ್ದ ಮೇಲೆ ಇನ್ನೇನು. ಹೇಳಿದೆ, ನಿಮಗೂ ಹೇಳುತ್ತೇನೆ.

ಆ ದಿನ ನಾನು ಒದೆಯಲಿಲ್ಲ. ಭಾಷಣ ಮಾಡಲಿಲ್ಲ. ಮುಳ್ಳು ಹೊಕ್ಕ ಕಾಲನ್ನು ಎತ್ತಿ ಹಿಡಿದು ಟೆಂಪೋಕ್ಕೆ ಒರಗಿ ನಿಂತಿದ್ದೆ. ಮಕ್ಕಳು ಹೂ ಹಿಡಿದು ಸಾಲಾಗಿ ನಿಂತಿದ್ದರು. ತಂದೆತಾಯಿಯರೂ ಬಂದಿದ್ದರು. ಸುಪ್ರಿಯಾ ಆಸ್ಪತ್ರೆಯಿಂದ ಬಂದು ಬಹಳ ದಿನ ಆಗಿರಲಿಲ್ಲ. ಮನೆಯಲ್ಲಿರು ಎಂದರೂ ಕೇಳದೆ ಬಂದು ಸಾಲಿನ ತುದಿಯಲ್ಲಿ ನಿಂತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ರಿಬ್ಬನ್ನು ಮಾತ್ರ ಮೊದಲಿನಷ್ಟೇ ದೊಡ್ಡದಿತ್ತು.

ನಿತ್ಯಾನಂದ ಮಾಸ್ತರು ಜೇಬಿನಿಂದ ಕೀಲಿ ತೆಗೆದು ನೀಲಿ ಬಾಗಿಲು ತೆರೆದರು. ಕನ್ನಡಿಯಂತಿತ್ತು. ಅಕ್ಕೋರು ಒಳಗೆ ಹೋಗಿ, ನಿಂತು, ಮೂಗಿನಿಂದ ಮೆಲ್ಲಗೆ ಗಾಳಿ ಎಳೆದರು. ಹೊರಗೆ ಬಂದು ನನ್ನ ಮುಖ ನೋಡಿ ಒಂದು ಮಾತು ಹೇಳಿದರು. "ಇನ್ನೂ ಬಣ್ಣದ ವಾಸನೆ ಬರುತ್ತಿದೆ."

ಮಾಸ್ತರರು ಅದನ್ನು ಹೊಗಳಿಕೆಯೆಂದುಕೊಂಡು ಹೆಮ್ಮೆಯಿಂದ ತಲೆಯಾಡಿಸಿ, ಬಾಗಿಲೆಳೆದು, ಮತ್ತೆ ಬೀಗ ಒತ್ತಿದರು. ಟಕ್ ಎಂದಿತು.

ಅತಿಥಿಗಳಿಗೆಂದು ಹೂ ಸುತ್ತಿಟ್ಟ ಮಣ್ಣಿನ ಮಡಕೆಯೊಂದು ಜಗಲಿಯ ಮೇಲಿತ್ತು. ಸುಪ್ರಿಯಾ ಸಾಲು ಬಿಟ್ಟು ಅಲ್ಲಿಗೆ ನಡೆದಳು. ಚೊಂಬು ಮುಳುಗಿಸಿ, ತುಂಬಿಕೊಂಡು, ಎಲ್ಲರ ಕಡೆ ಮುಖ ಮಾಡಿ ನಿಂತು ಕುಡಿದಳು. ಗಂಟಲು ಏರಿಳಿಯುವುದು ಕಾಣುತ್ತಿತ್ತು. ಬಿಸಿಲು ಕೂಡ ನಿಂತು ನೋಡುತ್ತಿರುವ ಹಾಗಿತ್ತು. ನೀರು ಅವಳ ಗಲ್ಲದಿಂದ ಇಳಿದು ಅಂಗಿಯ ಮೇಲೆ ನಕಾಶೆಯಂತೆ ಹರಡಿತು.

"ಸುಪ್ರಿಯಾ! ಎಂತ ಇದು?" ಮಾಸ್ತರರು ಗದರಿದರು.

"ಬಾಯಾರಿಕೆ, ಸರ್."

"ಈಗ ಕುಡಿದ್ರೆ ಆಮೇಲೆ..."

"ಆಮೇಲೆ ಅಲ್ಲಿಗೆ ಹೋಗ್ತೆ." ಅವಳು ನೀಲಿ ಬಾಗಿಲಿನ ಕಡೆ ಕೈ ತೋರಿಸಿದಳು. ಆಮೇಲೆ ಹುಡುಗಿಯರ ಸಾಲಿನ ಕಡೆ ತಿರುಗಿ ಚೊಂಬು ಚಾಚಿದಳು. "ಕುಡೀರೇ. ನಂಗಾದದ್ದು ನಿಮ್ಗೆ ಬೇಡ."

ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬಳು ಬಂದಳು. ಕುಡಿದಳು, ತಾಯಿಯ ಕಡೆ ನೋಡಲಿಲ್ಲ. ಇನ್ನೊಬ್ಬಳು ಬಂದಳು. ಮಡಕೆ ಖಾಲಿಯಾಗುವವರೆಗೆ ಬಂದರು. ಕುಡಿದವರೆಲ್ಲ ಹೋಗಿ ಬೀಗ ಹಾಕಿದ ಬಾಗಿಲಿನೆದುರು, ತಿಮಿಂಗಿಲದ ನೆರಳಿನಲ್ಲಿ, ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು.

ಅಕ್ಕೋರು ನನ್ನ ಕಡೆ ನೋಡಿದರು. ಹುಡುಗಿ ಏನು ಹೇಳುತ್ತಿದ್ದಾಳೆ?

ನಾನು ಬಾಯಿ ತೆರೆದೆ. ಎಷ್ಟೊಂದು ಮಾತು ನಾಲಿಗೆಯ ತುದಿಗೆ ಬಂತು. ಮಗಳ ಒದ್ದೆ ಗಲ್ಲ ನೋಡಿದೆ. ಯಾವುದೂ ಹೊರಡಲಿಲ್ಲ. ನನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, "ಬಾಗಿಲಿಗೆ ಬೀಗ. ಅದಕ್ಕೇ ಹುಡುಗಿಯರು ನೀರು ಕುಡಿಯುವುದಿಲ್ಲ. ಇವಳು ನನ್ನ ಮಗಳು, ಸಾಯುತ್ತಿದ್ದಳು" ಎಂದೆ. ಇಷ್ಟೇ. ಉಪ್ಪು ಖಾರ ಹಾಕದೆ ನಾನು ಮಾಡಿದ ಮೊದಲ ಅನುವಾದ ಅದು.

ಅಕ್ಕೋರು ಮಾಸ್ತರರನ್ನು ಗದರಲಿಲ್ಲ. ಹುಡುಗಿಯರ ಹತ್ತಿರ ಹೋಗಿ ಮಣ್ಣಿನಲ್ಲೇ ಕೂತರು. ತಮ್ಮ ಶಾಲೆಯಲ್ಲಿ ಕಸ ಗುಡಿಸುವುದು, ಪಾಯಖಾನೆ ತೊಳೆಯುವುದು ಎಲ್ಲ ಮಕ್ಕಳೇ, ಸರದಿಯ ಮೇಲೆ. ತಾವೂ ಹಾಗೆ ತೊಳೆದೇ ದೊಡ್ಡವರಾದದ್ದು ಎಂದರು. ನಾನು ಅದನ್ನೂ ಇದ್ದ ಹಾಗೆ ಹೇಳಿದೆ.

ಗುಂಪಿನಲ್ಲಿ ಗುಜುಗುಜು ಎದ್ದಿತು. "ಅವ್ರ ದೇಶದ ಸುದ್ದಿ ಅವ್ರಿಗೆ." "ನಮ್ಮ ಮಕ್ಳು ಹೇಲು ಬಳಿಯೂಕೆ ಶಾಲೆಗೆ ಬರೂದಾ?" ಮಾಸ್ತರರು ಎರಡೂ ಕೈ ಚೆಲ್ಲಿ, "ಕೇಳಿದ್ರಲ್ಲ ಅಕ್ಕೋರೇ? ತೊಳಿಯೂದು ಯಾರು? ಯಾರು ಹೇಳಿ!" ಎಂದರು. ಅವರ ದನಿ ನಿಜವಾಗಿಯೂ ಒಡೆದಿತ್ತು.

"ನಾ ತೊಳಿತೆ."

ನನ್ನ ತಾಯಿ ಬಂಗಾರಿ. ಶಾಲೆಯ ಮೂಲೆಯಲ್ಲಿದ್ದ ಕಡ್ಡಿಹಿಡಿ ಪೊರಕೆಯನ್ನು ತಡವಿ ಹುಡುಕಿ, ಕೈಯಲ್ಲಿ ಹಿಡಿದುಕೊಂಡು, ದನಿ ಬಂದ ದಿಕ್ಕಿಗೆ ನಡೆದು ಬಂದಳು.

"ಏಳು ಹೆತ್ತು ಏಳರದ್ದೂ ಬಳಿದಿದ್ದೆ. ಆಗ ನನ್ನ ಜಾತಿ ಎಲ್ಲೂ ಓಡಿ ಹೋಗ್ಲಿಲ್ಲ. ಕೀಲಿ ಕೊಡಿ ಮಾಸ್ತರ್ರೇ."

"ಬಂಗಾರಮ್ಮಾ, ಕೇರಿಯ ಹುಡುಗಿಯರಿಗೆಲ್ಲ ಬಾಯಿ ಕಟ್ಟೂಕೆ ಕಲಿಸಿದವ್ರು ನೀವೇ ಅಲ್ಲ?"

"ಹೌದು, ನಾನೇ. ನಂಗೆ ನನ್ನ ಅಜ್ಜಿ ಕಲಿಸಿದ್ಲು. ಅವ್ಳಿಗೆ ಅವ್ಳ ಅಜ್ಜಿ. ಎಲ್ರೂ ಉರ್ಕಳ್ತಾ ಇದ್ರು, ಯಾರೂ ಬಾಯಿ ಬಿಡ್ಲಿಲ್ಲ." ಅವಳು ಮೊಮ್ಮಗಳ ತಲೆಯನ್ನು ತಡವಿ ಹುಡುಕಿದಳು. "ಈ ಹುಡ್ಗಿ ಅದ್ನ ಯಾರಿಗೂ ಕಲಿಸೂದಿಲ್ಲ. ಇಲ್ಲಿಗೆ ಆತು."

ಮಾಸ್ತರರು ಕೀಲಿ ಕೊಟ್ಟರು. ಪೊರೆಗಣ್ಣಿನ ಮುದುಕಿ ಬೀಗದ ತೂತು ಸಿಗದೆ ತಡವರಿಸುತ್ತಿದ್ದರೆ ಅವರೇ ಅವಳ ಕೈಹಿಡಿದು ತಿರುಗಿಸಿದರು. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಎಲ್ಲರೂ ಮುಗಿದ ಮೇಲೆ ಅಜ್ಜಿ ಸೀರೆ ಎತ್ತಿ ಕಟ್ಟಿದಳು. ಮೊದಲ ಬಕೆಟ್ ನೀರು ಹೊತ್ತು ತಂದವರು ನಿತ್ಯಾನಂದ ಮಾಸ್ತರರು. ಮುಂದಿನ ಶನಿವಾರದಿಂದ ಸರದಿ ಶುರುವಾಯಿತು. ಹುಡುಗರೂ, ಹುಡುಗಿಯರೂ, ಮಾಸ್ತರರೂ. ಕೆಲವರು ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗೆ ಹಾಕಿದರು. ಆ ಶಾಲೆಯಲ್ಲಿ ಬೀಗವಿತ್ತು. ವರ್ಷ ಕಳೆಯುವುದರೊಳಗೆ ವಾಪಸು ಬಂದರು.

ಬೀಗ ಗೋವಾಕ್ಕೆ ಹೋಗಲಿಲ್ಲ. ನನ್ನ ತಾಯಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತಂದಳು. ಅವಳು ತೀರಿಕೊಂಡು ಎರಡು ಮಳೆಗಾಲ ಆಯಿತು. ಬೀಗ ನಮ್ಮ ಕೋಳಿಗೂಡಿನಲ್ಲಿ ಇವತ್ತಿಗೂ ಇದೆ. ಮಗಳ ಒಂದು ಮೂತ್ರಪಿಂಡ ಆಮೇಲೆ ಬೆಳೆಯಲೇ ಇಲ್ಲ. ಬಾಟ್ಲಿ ಇಲ್ಲದೆ ಅವಳು ಎಲ್ಲಿಗೂ ಹೊರಡುವುದಿಲ್ಲ. ಆರೋಗ್ಯ ತಪಾಸಣೆಯ ತಂಡದ ಜೊತೆ ಹೊಸ ಶಾಲೆಗೆ ಹೋದರೆ, ಮಕ್ಕಳ ನಾಡಿ ನೋಡುವ ಮೊದಲು ಪಾಯಖಾನೆಯ ಬಾಗಿಲಿಗೆ ಮೂಗು ಹಚ್ಚುತ್ತಾಳೆ. ಬಣ್ಣದ ವಾಸನೆ ಬಂದರೆ ಕೀಲಿ ಕೇಳುತ್ತಾಳೆ.

ಟೆಂಪೋ ಕುಮಟಾ ತಲುಪುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಮೀನಿನ ಹೆಂಗಸು ಬುಟ್ಟಿ ತಲೆಗೇರಿಸಿಕೊಂಡವಳು ಇಳಿಯದೆ ನಿಂತು ಸುಪ್ರಿಯಾಳನ್ನೇ ನೋಡಿ, "ಬಾಯರೇ, ಆ ಉರಿ... ಅದು ಇರೂದಲ್ಲ ಅಂದ್ರಂತೆ ಡಾಕ್ಟ್ರು, ಹೌದ?" ಎಂದಳು. ಸುಪ್ರಿಯಾ ಅವಳ ಬುಟ್ಟಿ ಇಳಿಸಿಕೊಂಡು, ಅವಳನ್ನು ಮತ್ತೆ ಕೂರಿಸಿ, ಬಾಟ್ಲಿಯ ಮುಚ್ಚಳ ತೆಗೆದು ಕೈಗಿಟ್ಟಳು.

ಇಳಿಯುವಾಗ ಮಗಳು ಕಿಟಕಿಯ ಹತ್ತಿರ ಬಂದಳು. "ನೀ ಎಲ್ಲ ಹೇಳಿದೆ. ಹೊಳೆ ವಿಷಯ ಹೇಳಲಿಲ್ಲ."

ಅದೊಂದನ್ನಾದರೂ ಬಿಡುತ್ತಾಳೆಂದುಕೊಂಡಿದ್ದೆ.

ಶರಾವತಿಯನ್ನು ಕುಡಿದವನು ನಾನಲ್ಲ. ಆ ಮಧ್ಯಾಹ್ನ ನಾನು ಹೊಳೆಗೆ ಇಳಿಯಲಿಲ್ಲ. ಮತ್ತೆ ಒಳಗೆ ಹೋಗುವ ಧೈರ್ಯ ಸಾಲದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಸಂಜೆಯ ಹೊತ್ತಿಗೆ ಜ್ವರ ಇಳಿದಾಗ ಮಂಗಲಾ ಬಂದು ಕರೆದಳು. ಮಗಳು ಕಣ್ಣು ಬಿಟ್ಟು, ಒಣಗಿದ ತುಟಿಯಲ್ಲಿ ನಗುತ್ತ ಹೇಳಿದಳು: "ಅಪ್ಪಾ, ಕನಸಲ್ಲಿ ನಾನು ಶರಾವತಿ ಪೂರ್ತಿ ಕುಡಿದುಬಿಟ್ಟೆ. ಒಂದೇ ಗುಟುಕಿಗೆ. ದೋಣಿ ಎಲ್ಲಾ ಕೆಸರಲ್ಲಿ ಮಲಗಿದ್ವು. ಕಾಸರಕೋಡಿನವ್ರು ನಡ್ಕಂಡು ಬಂದು ಹೊಳೆ ವಾಪಸ್ ಕೊಡು ಅಂದ್ರು. ಪಾಪ ಅನ್ಸಿ ಬಿಟ್ಟುಕೊಟ್ಟೆ."

ಮತ್ತೆ ಹೇಳಿದಳು. "ಯಾರೂ ಬಯ್ಯಲಿಲ್ಲ ಅಪ್ಪಾ."